ನೀರು ಕುಡಿಯದ ಮರದ ಹಡಗು: ರಿಮೋಟ್ ಟಗ್ ಬೋಟ್ ಕಟ್ಟುವ ಪೂರ್ತಿ ವಿಧಾನ

ಮರದ ಹಡಗಿಗೆ ನೀರು ತಳದಿಂದ ಬರುತ್ತದೆ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಅದಕ್ಕೇ ಮೊದಲ ಸಲ ಕಟ್ಟಿದಾಗ ಹೊರಮೈಗೆ ಮೂರು ಕೋಟ್ ವಾರ್ನಿಶ್, ಅದರ ಮೇಲೆ ಎರಡು ಕೋಟ್ ಎನಾಮಲ್ ಹೊಡೆದಿದ್ದೆ. ಒಳಗೆ ಬರೀ ಮರ ಹಾಗೇ ಇತ್ತು. ಚನ್ನಗಿರಿ ಕಡೆ ಗೆಳೆಯನ ಅಡಿಕೆ ತೋಟದ ಕೃಷಿ ಹೊಂಡದಲ್ಲಿ ಬಿಟ್ಟೆವು. ಇಪ್ಪತ್ತು ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಹಿಂಭಾಗ ನಿಧಾನಕ್ಕೆ ತಗ್ಗತೊಡಗಿತು. ದಡಕ್ಕೆ ತಂದು ಮುಚ್ಚಳ ತೆಗೆದರೆ ಒಳಗೆ ಒಂದು ದೊಡ್ಡ ಲೋಟದಷ್ಟು ನೀರು. ಬಂದದ್ದು ಚುಕ್ಕಾಣಿಯ ಕಂಬಿ ಹಾದುಹೋಗುವ ಕೊಳವೆಯಿಂದ. ಆ ನೀರನ್ನು ಬರೀ ಮರ ಒಳಗಿನಿಂದ ಕುಡಿಯಿತು. ಒಂದೇ ವಾರದಲ್ಲಿ ಪಟ್ಟಿಗಳು ಉಬ್ಬಿ, ಹೊರಗಿನ ಬಣ್ಣ ಉದ್ದಕ್ಕೂ ಕೂದಲೆಳೆಯಷ್ಟು ಬಿರುಕು ಬಿಟ್ಟಿತು.

ಆಮೇಲಿನ ಹಡಗುಗಳಲ್ಲಿ ನೀರಿನ ವಿಚಾರವನ್ನು ಮೊದಲ ದಿನದಿಂದಲೇ ತಲೆಯಲ್ಲಿಟ್ಟುಕೊಂಡೆ. ಎಲ್ಲಿ ತೂತು ಕೊರೆಯುತ್ತೇವೆ? ಆ ತೂತಿನ ಬಾಯಿ ನೀರಿನ ಗೆರೆಗಿಂತ ಎಷ್ಟು ಮೇಲಿದೆ? ಮರದ ಯಾವ ಮುಖ ಬರಿದಾಗಿ ಉಳಿದಿದೆ? ಈ ಮೂರು ಪ್ರಶ್ನೆಗಳನ್ನು ಪ್ರತಿ ಹಂತದಲ್ಲೂ ಕೇಳಿಕೊಳ್ಳಿ. ಕೆಳಗೆ ಹೇಳುವುದೆಲ್ಲ ಇವುಗಳ ಸುತ್ತಲೇ ಇದೆ.

ಹೊನ್ನಾಳಿ, ಹರಿಹರದ ಕಡೆ ತುಂಗಭದ್ರೆಯಲ್ಲಿ ಹರಿಗೋಲು ನೋಡಿರುತ್ತೀರಿ. ಬಿದಿರಿನ ಬುಟ್ಟಿ. ಹಿಂದೆ ಅದಕ್ಕೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಬಿದಿರು ಆಕಾರ ಕೊಡುತ್ತದೆ, ನೀರು ತಡೆಯುವುದು ಚರ್ಮದ ಕೆಲಸ. ನಮ್ಮ ಹಡಗೂ ಹಾಗೇ. ಮರದ ಮೇಲೆ ಗಾಜಿನ ಬಟ್ಟೆ (ಗಾಜಿನ ಎಳೆಯಿಂದ ನೇಯ್ದದ್ದು) ಮತ್ತು ರೆಸಿನ್ನಿನ (ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ದ್ರವ) ಒಂದು ಚರ್ಮ ಹೊದಿಸಬೇಕು.

ಯಾವ ಹಡಗು, ಎಷ್ಟು ತೂಕ

ಮೊದಲ ಸಲಕ್ಕೆ ಟಗ್ ಬೋಟ್ ಕಟ್ಟಿ. ಮಂಗಳೂರು ಬಂದರಿನಲ್ಲಿ ದೊಡ್ಡ ಹಡಗುಗಳನ್ನು ತಳ್ಳುವ, ಎಳೆಯುವ ಗಿಡ್ಡ ದೋಣಿ ಇರುತ್ತದಲ್ಲ, ಅದೇ. ಅಗಲ ಜಾಸ್ತಿ, ಬೇಗ ವಾಲುವುದಿಲ್ಲ, ಒಳಗೆ ಕೈ ಹಾಕಲು ಜಾಗ ಇದೆ. ಯುದ್ಧನೌಕೆ ನೋಡಲು ಚೆಂದ, ನಿಜ. ಆದರೆ ಉದ್ದ ಜಾಸ್ತಿ, ಅಗಲ ಕಡಿಮೆ. ತೂಕ ಸ್ವಲ್ಪ ಮೇಲೆ ಹೋದರೂ ಮಗುಚುತ್ತದೆ. ಅದು ಎರಡನೇ ಹಡಗಾಗಲಿ.

ನಾನು ಇಲ್ಲಿ ಹೇಳುವುದು 28 ಮೀಟರ್ ಟಗ್ಗಿನ 40ನೇ ಒಂದು ಭಾಗದ ಮಾದರಿ. ನೀರಿನ ಗೆರೆಯಲ್ಲಿ ಉದ್ದ 70 ಸೆಂ.ಮೀ., ಅಗಲ 20, ನೀರೊಳಗಿನ ಆಳ 7. ಮೂರನ್ನೂ ಗುಣಿಸಿದರೆ 9,800. ಆದರೆ ಹಡಗು ಇಟ್ಟಿಗೆಯ ಹಾಗೆ ಚೌಕಾಕಾರವಾಗಿಲ್ಲ, ಎರಡೂ ತುದಿ ಸಪೂರ. ಅದಕ್ಕೆ 0.55ರಿಂದ ಗುಣಿಸಬೇಕು. ಸುಮಾರು 5,400 ಘನ ಸೆಂ.ಮೀ. ಬರುತ್ತದೆ. ಒಂದು ಘನ ಸೆಂ.ಮೀ. ನೀರು ಒಂದು ಗ್ರಾಂ ತೂಗುತ್ತದೆ. ಅಂದರೆ ಈ ಹಡಗು ಎಲ್ಲ ಸೇರಿ 5.4 ಕೆ.ಜಿ. ತೂಗಿದಾಗ ಸರಿಯಾದ ಗೆರೆಗೆ ಕೂರುತ್ತದೆ. ಈ ಲೆಕ್ಕವನ್ನು ಮೊದಲೇ ಮಾಡಿ ಗೋಡೆಗೆ ಅಂಟಿಸಿಕೊಳ್ಳಿ. ನನ್ನ ಅಂದಾಜು ಹೀಗೆ: ರೆಸಿನ್ ಸೇರಿ ಒಡಲು, ಡೆಕ್ (ಒಡಲಿನ ಮೇಲ್ಹಾಸು), ಮೇಲಿನ ಕೋಣೆ 1.6 ಕೆ.ಜಿ., ಬ್ಯಾಟರಿ 2.1, ಮೋಟಾರು ಶಾಫ್ಟು ವೈರು ಎಲ್ಲ 0.7. ಉಳಿದ 1 ಕೆ.ಜಿ.ಗೆ ಸೀಸ.

ನಕ್ಷೆಯನ್ನು ನಿಜ ಅಳತೆಯಲ್ಲೇ ಪ್ರಿಂಟ್ ಹಾಕಿಸಿ. ಮನೆ ಪ್ಲಾನ್ ಪ್ರಿಂಟ್ ಮಾಡುವ ದೊಡ್ಡ ಪ್ಲಾಟರ್ ಇರುವ ಅಂಗಡಿಗೆ ಹೋಗಬೇಕು. ಪ್ರಿಂಟ್ ಬಂದ ಕೂಡಲೇ ಸ್ಕೇಲ್ ಇಟ್ಟು 100 ಮಿ.ಮೀ. ಗೆರೆ 100 ಇದೆಯಾ ನೋಡಿ. ಎಷ್ಟೋ ಸಲ ಕಾಗದಕ್ಕೆ ಹೊಂದಿಸಲು ಯಂತ್ರವೇ 3-4 ಮಿ.ಮೀ. ಕುಗ್ಗಿಸಿರುತ್ತದೆ.

ಮರ

ಬೆನ್ನು ಹಲಗೆ (ತಳದ ಮಧ್ಯೆ ಉದ್ದಕ್ಕೂ ಹೋಗುವುದು) ಮತ್ತು ಪಕ್ಕೆಲುಬುಗಳಿಗೆ (ಅದಕ್ಕೆ ಅಡ್ಡವಾಗಿ ನಿಂತು ಆಕಾರ ಕೊಡುವ ತುಂಡುಗಳು) 4 ಮಿ.ಮೀ. ಮೆರೀನ್ ಪ್ಲೈವುಡ್. ಹಾಳೆಯ ಮೇಲೆ ಐಎಸ್ 710 ಅಂತ ಮುದ್ರೆ ಇರಬೇಕು. ಐಎಸ್ 303 ಅಂದರೆ ಮಾಮೂಲಿ ಪ್ಲೈವುಡ್, ಈ ಕೆಲಸಕ್ಕೆ ಬೇಡ. ಮುದ್ರೆ ನೋಡಿ ತಂದರೂ ಒಂದು ತುಂಡನ್ನು ಕುದಿಸಿ ನೋಡುವುದು ಒಳ್ಳೆಯದು. 710ರ ನಿಯಮದ ಪ್ರಕಾರ 72 ಗಂಟೆ ಕುದಿಸಿದರೂ ಪದರ ಬಿಡಬಾರದು. ಮನೆಯಲ್ಲಿ ಅಷ್ಟು ಹೊತ್ತು ಆಗುವುದಿಲ್ಲ, ನಾಲ್ಕು ಗಂಟೆ ಸಾಕು. ಒಮ್ಮೆ ನಾನು ಮೆರೀನ್ ಅಂತಲೇ ದುಡ್ಡು ಕೊಟ್ಟು ತಂದ ಹಾಳೆಯ ತುಂಡು ಒಂದೂವರೆ ಗಂಟೆಯಲ್ಲಿ ಪುಸ್ತಕದ ಹಾಗೆ ಬಿಚ್ಚಿಕೊಂಡಿತು. ಹಡಗಿನೊಳಗೆ ಹೀಗಾಗಿದ್ದರೆ ತಿಂಗಳುಗಟ್ಟಲೆ ಮಾಡಿದ ಕೆಲಸ ಹಾಳಾಗುತ್ತಿತ್ತು.

ಹೊರಗಿನ ಪಟ್ಟಿಗಳಿಗೆ ಪೈನ್ ಅಥವಾ ಸಿಲ್ವರ್ ಓಕ್. ಗಂಟಿಲ್ಲದ, ನೇರ ಎಳೆಯ ತುಂಡು ಆರಿಸಿ, ಬಡಗಿಯ ಹತ್ತಿರ 3 ಮಿ.ಮೀ. ದಪ್ಪ, 8 ಮಿ.ಮೀ. ಅಗಲಕ್ಕೆ ಸೀಳಿಸಿ. ನಾನು ಹೋದಾಗ ಬಡಗಿ "ಇಷ್ಟು ಸಣ್ಣ ಪಟ್ಟಿ ಏನ್ ಮಾಡ್ತೀರಿ ಸರ, ಅಗರಬತ್ತಿಗಾ?" ಅಂತ ಕೇಳಿದ. ಹಡಗಿಗೆ ಅಂದಾಗ ಯಂತ್ರ ನಿಲ್ಲಿಸಿ ನಕ್ಷೆ ನೋಡಿದ, ಆಮೇಲೆ ಒಂದೊಂದು ಪಟ್ಟಿಯನ್ನೂ ಎಷ್ಟು ಜೋಪಾನವಾಗಿ ಸೀಳಿಕೊಟ್ಟ ಅಂದರೆ, ಅರವತ್ತರಲ್ಲಿ ನಾಲ್ಕು ಮಾತ್ರ ಕೆಲಸಕ್ಕೆ ಬರಲಿಲ್ಲ. ಸಾಗುವಾನಿ ಒಳ್ಳೆಯ ಮರವೇ, ಆದರೆ ಅದರ ಎಣ್ಣೆ ಅಂಟನ್ನು ಹಿಡಿಯಲು ಬಿಡುವುದಿಲ್ಲ. ಬಳಸಲೇಬೇಕಾದರೆ ಅಂಟು ಹಚ್ಚುವ ಮುಂಚೆ ಅಸಿಟೋನ್‌ನಲ್ಲಿ ಒರೆಸಿ.

ಅಂಟು ಎರಡು ಬಗೆ ಸಾಕು. ಪಟ್ಟಿಗಳಿಗೆ ನೀರು ತಡೆಯುವ ಮರದ ಅಂಟು, ಫೆವಿಕಾಲ್ ಮೆರೀನ್ ತರಹದ್ದು. ಲೋಹ ಮರಕ್ಕೆ ಕೂರುವ ಕಡೆ ಎರಡು ಟ್ಯೂಬಿನ ಅರಾಲ್ಡೈಟ್. ಫೆವಿಕ್ವಿಕ್ ಬೇಗ ಹಿಡಿಯುತ್ತದೆ, ಆದರೆ ತೇವದಲ್ಲಿ ಗಡುಸಾಗಿ ಸಿಡಿಯುತ್ತದೆ. ಕ್ಲಿಪ್ ಹಾಕಲಾಗದ ಕಡೆ ತಾತ್ಕಾಲಿಕವಾಗಿ ಹಿಡಿದಿಡಲು ಮಾತ್ರ ಒಂದು ಹನಿ.

ಅಸ್ಥಿಪಂಜರ

ಸೊಟ್ಟಗಾಗದ ಒಂದು 18 ಮಿ.ಮೀ. ಹಲಗೆ ತೆಗೆದುಕೊಳ್ಳಿ. ಮಧ್ಯೆ ಒಂದು ನೇರ ಗೆರೆ ಎಳೆಯಿರಿ. ಹಡಗನ್ನು ತಲೆಕೆಳಗಾಗಿ ಇದರ ಮೇಲೆಯೇ ಕಟ್ಟುವುದು.

ಪಕ್ಕೆಲುಬುಗಳನ್ನು ಕತ್ತರಿಸುವ ಮುಂಚೆ ಒಂದು ಮಾತು. ನಕ್ಷೆಯಲ್ಲಿರುವುದು ಹಡಗಿನ ಹೊರಮೈ. ನಿಮ್ಮ ಪಟ್ಟಿ 3 ಮಿ.ಮೀ. ದಪ್ಪ. ಹಾಗಾಗಿ ಪ್ರತಿ ಪಕ್ಕೆಲುಬನ್ನೂ ಸುತ್ತಲೂ 3 ಮಿ.ಮೀ. ಒಳಗೆ ಕತ್ತರಿಸಬೇಕು. ಇದನ್ನು ಮರೆತರೆ ಹಡಗು 6 ಮಿ.ಮೀ. ದಪ್ಪಗಾಗುತ್ತದೆ, ತೂಕದ ಲೆಕ್ಕವೆಲ್ಲ ತಪ್ಪುತ್ತದೆ.

ಸುಮಾರು 7 ಸೆಂ.ಮೀ.ಗೆ ಒಂದರಂತೆ ಹನ್ನೊಂದು ಪಕ್ಕೆಲುಬು. ಬೆನ್ನು ಹಲಗೆಯಲ್ಲಿ ಕೊರೆದ ಸೀಳುಗಳಲ್ಲಿ ಕೂರಿಸಿ, ಮೂಲೆಮಟ್ಟ ಇಟ್ಟು ನೆಟ್ಟಗೆ ನಿಲ್ಲಿಸಿ ಅಂಟಿಸಿ. ಒಣಗಿದ ಮೇಲೆ ಒಂದು ಬಿಡಿ ಪಟ್ಟಿಯನ್ನು ಮುಂದಿನಿಂದ ಹಿಂದಕ್ಕೆ ಬಾಗಿಸಿ ಇಟ್ಟು, ಕಣ್ಣು ಮಟ್ಟಕ್ಕೆ ತಂದು ನೋಡಿ. ಯಾವುದಾದರೂ ಪಕ್ಕೆಲುಬಿನ ಹತ್ತಿರ ಬೆಳಕು ಕಂಡರೆ ಅದು ತಗ್ಗು, ಅಲ್ಲಿಗೆ ತೆಳು ಚಕ್ಕೆ ಅಂಟಿಸಿ. ಪಟ್ಟಿ ಎದ್ದು ನಿಂತರೆ ಅದು ಉಬ್ಬು, ಉಜ್ಜಿ. ಮುಂದಿನ ಮತ್ತು ಹಿಂದಿನ ಪಕ್ಕೆಲುಬುಗಳ ಅಂಚನ್ನು ಪಟ್ಟಿ ಬಾಗುವ ಕಡೆಗೆ ಓರೆಯಾಗಿ ಉಜ್ಜಲೇಬೇಕು. ಈ ಕೆಲಸಕ್ಕೆ ಎರಡು ಸಂಜೆ ಕೊಡಿ. ಇಲ್ಲಿ ಉಳಿಸಿದ ಸಮಯಕ್ಕೆ ಮುಂದೆ ಪುಟ್ಟಿ ಬಳಿಯುವಾಗ ನಾಲ್ಕು ಪಟ್ಟು ಕೊಡಬೇಕಾಗುತ್ತದೆ.

ಪ್ರೊಪೆಲರ್ ತಿರುಗಿಸುವ ಕಂಬಿ, ಅಂದರೆ ಶಾಫ್ಟಿನ ಕೊಳವೆಗೆ ಬೆನ್ನು ಹಲಗೆಯಲ್ಲಿ ದಾರಿಯನ್ನೂ ಈಗಲೇ ಮಾಡಿಡಿ.

ಪಟ್ಟಿ ಹೊದಿಸುವುದು

ನಡುವಿನ ಪಕ್ಕೆಲುಬಿನ ಮೇಲೆ ಡೆಕ್ಕಿನ ಅಂಚಿನಿಂದ ಬೆನ್ನು ಹಲಗೆವರೆಗೆ ದಾರ ಇಟ್ಟು ಅಳೆಯಿರಿ. ನನ್ನದು 176 ಮಿ.ಮೀ. ಬಂತು. 8ರಿಂದ ಭಾಗಿಸಿದರೆ ಒಂದು ಬದಿಗೆ 22 ಪಟ್ಟಿ. ಮೂತಿಯ ಹತ್ತಿರ ಅದೇ ದಾರ 110 ತೋರಿಸಿತು. ಅಲ್ಲೂ 22 ಪಟ್ಟಿಯೇ ಕೂರಬೇಕು, ಅಂದರೆ ಒಂದೊಂದೂ 5 ಮಿ.ಮೀ. ಹಾಗಾಗಿ ಪ್ರತಿ ಪಟ್ಟಿಯನ್ನೂ ನಡುವಿನಲ್ಲಿ 8 ಇಟ್ಟು, ತುದಿಗೆ ಬರುತ್ತಾ 5ಕ್ಕೆ ಇಳಿಸಬೇಕು. ಅರ್ಧಕ್ಕಿಂತ ಸಪೂರ ಮಾಡಬೇಡಿ, ಸೂಜಿಯ ಹಾಗಾದ ತುದಿ ಅಂಟು ಹಿಡಿಯುವುದಿಲ್ಲ. ಹಿಂಭಾಗದಲ್ಲಿ ಸಂದಿ ಉಳಿದರೆ ತ್ರಿಕೋನದ ತುಂಡು ಸೇರಿಸಿ.

ಡೆಕ್ಕಿನ ಅಂಚಿನಿಂದ ಶುರು ಮಾಡಿ. ಎಡಕ್ಕೊಂದು, ಬಲಕ್ಕೊಂದು. ಒಂದೇ ಬದಿಗೆ ನಾಲ್ಕು ಪಟ್ಟಿ ಹಾಕಿದರೆ ಒಡಲು ಹಸಿ ಹಪ್ಪಳದ ಹಾಗೆ ತಿರುಚಿಕೊಳ್ಳುತ್ತದೆ, ಆಮೇಲೆ ಯಾವ ಉಪಾಯಕ್ಕೂ ಬಗ್ಗುವುದಿಲ್ಲ. ಮೂತಿಯ ಕಡೆ ಬಾಗುವ ತುದಿಯನ್ನು ಬಿಸಿನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಬಾಗಿಸಿ ಕಟ್ಟಿ, ಪೂರ್ತಿ ಒಣಗಲು ಬಿಡಿ. ಒದ್ದೆ ಪಟ್ಟಿಯನ್ನು ಅಂಟಿಸಿದರೆ ಒಣಗುವಾಗ ಕುಗ್ಗಿ ಸಂದಿ ಬಿಡುತ್ತದೆ. ಅಂಟನ್ನು ಪಕ್ಕೆಲುಬಿಗೂ ಹಚ್ಚಿ, ಪಕ್ಕದ ಪಟ್ಟಿಯ ಅಂಚಿಗೂ ಹಚ್ಚಿ. ಹಿಡಿದಿಡಲು ಗುಂಡುಸೂಜಿ ಮತ್ತು ಬಟ್ಟೆ ಕ್ಲಿಪ್ ಸಾಕು.

ದಿನಕ್ಕೆ ಎರಡು ಜೊತೆಗಿಂತ ಜಾಸ್ತಿ ಹಾಕಬೇಡಿ. ನನ್ನ ಅಕ್ಕನ ಮಗ ಶಾಲೆಯಿಂದ ಬಂದು "ಮಾವ, ಇವತ್ತು ನಾಲ್ಕು ಜೊತೆ ಹಾಕೋಣ" ಅಂತ ದಿನಾ ಹಟ ಹಿಡಿಯುತ್ತಿದ್ದ. ಎರಡೇ ಜೊತೆ ಅಂತ ಹನ್ನೊಂದು ದಿನ ಕೂತೆವು. ಹನ್ನೆರಡನೇ ದಿನ ಅವನೇ ಒಡಲನ್ನು ಬೆಳಕಿಗೆ ಹಿಡಿದು ಸಂದಿ ಹುಡುಕಿದ. ಎರಡೇ ಸಿಕ್ಕವು.

80, ಆಮೇಲೆ 120ರ ಮರಳುಕಾಗದದಲ್ಲಿ ಉಜ್ಜಿ. ಬರುವ ಸಣ್ಣ ಪುಡಿಯನ್ನು ಎಸೆಯದೆ ಒಂದು ಡಬ್ಬಿಯಲ್ಲಿ ತುಂಬಿಡಿ, ಮುಂದೆ ಬೇಕು.

ಚರ್ಮ ಹೊದಿಸುವುದು

ಇದಕ್ಕೆ ಎಪಾಕ್ಸಿ ರೆಸಿನ್ ತರಿಸಿ. ಫೈಬರ್ ಕೆಲಸದವರು ಬಳಸುವ ಪಾಲಿಯೆಸ್ಟರ್ ರೆಸಿನ್ ಅಗ್ಗ, ಆದರೆ ಮರವನ್ನು ಎಪಾಕ್ಸಿಯಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಅದನ್ನೇ ಬಳಸುವುದಾದರೆ ಒಂದು ಎಚ್ಚರಿಕೆ: ಅದರ ಜೊತೆ ಬರುವ ಕೋಬಾಲ್ಟ್ ಮತ್ತು ಹಾರ್ಡನರ್ ಇವೆರಡನ್ನು ನೇರವಾಗಿ ಯಾವತ್ತೂ ಬೆರೆಸಬಾರದು, ಸ್ಫೋಟವಾಗುತ್ತದೆ.

ಎಪಾಕ್ಸಿಯ ಅಳತೆ ಡಬ್ಬಿಯ ಮೇಲೆ ಬರೆದಿರುತ್ತದೆ. ನಾನು ಬಳಸುವುದಕ್ಕೆ 100 ಗ್ರಾಂ ರೆಸಿನ್ನಿಗೆ 10 ಗ್ರಾಂ ಹಾರ್ಡನರ್. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಕಣ್ಣಂದಾಜು ಬೇಡ. ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಅನ್ನುವುದು ತಪ್ಪು, ಅಳತೆ ತಪ್ಪಿದರೆ ಮೆತ್ತಗೇ ಉಳಿಯುತ್ತದೆ. ಕೈಗವಸು ಹಾಕಿ, ಕಿಟಕಿ ತೆರೆದಿಡಿ.

ದಾವಣಗೆರೆಯ ಬಿಸಿಲನ್ನು ಇಲ್ಲಿ ಲೆಕ್ಕಕ್ಕೆ ತಗೋಬೇಕು. ಏಪ್ರಿಲ್ ಮಧ್ಯಾಹ್ನ ಒಂದೇ ಸಲಕ್ಕೆ 100 ಗ್ರಾಂ ಬೆರೆಸಿ ಲೋಟದಲ್ಲಿಟ್ಟಿದ್ದೆ. ನಾಲ್ಕು ಸಲ ಬ್ರಷ್ ಆಡಿಸುವಷ್ಟರಲ್ಲಿ ಲೋಟ ಬಿಸಿಯಾಗಿ ಹೊಗೆ ಬಂತು. ರೆಸಿನ್ ಗಟ್ಟಿಯಾಗುವಾಗ ತಾನೇ ಕಾಯುತ್ತದೆ, ಒಂದೇ ಕಡೆ ರಾಶಿ ಇದ್ದಷ್ಟೂ ಕಾವು ಹೆಚ್ಚು. ಹಾಗಾಗಿ 40 ಗ್ರಾಮಿನಂತೆ ಬೆರೆಸಿ, ಅಗಲವಾದ ಐಸ್‌ಕ್ರೀಮ್ ಡಬ್ಬಿಯ ಮುಚ್ಚಳಕ್ಕೆ ಸುರಿದುಕೊಳ್ಳಿ.

ಹೊತ್ತೂ ಮುಖ್ಯ. ಮರದೊಳಗೆ ಗಾಳಿ ಇರುತ್ತದೆ. ಬೆಳಿಗ್ಗೆ ರೆಸಿನ್ ಬಳಿದರೆ ಬಿಸಿಲೇರಿದಂತೆ ಆ ಗಾಳಿ ಹಿಗ್ಗಿ, ರೆಸಿನ್ನಿನಲ್ಲಿ ಗುಳ್ಳೆ ಎಬ್ಬಿಸುತ್ತದೆ. ಒಂದೊಂದು ಗುಳ್ಳೆಯೂ ಆಮೇಲೆ ಒಂದೊಂದು ಸೂಜಿ ತೂತು. ಸಂಜೆ ಐದರ ಮೇಲೆ ಬಳಿಯಿರಿ. ಮರ ತಣ್ಣಗಾಗುತ್ತಾ ರೆಸಿನ್ನನ್ನು ಒಳಗೆ ಎಳೆದುಕೊಳ್ಳುತ್ತದೆ. ನನ್ನ ಕೆಲಸದಲ್ಲಿ ಅತಿ ಹೆಚ್ಚು ಬದಲಾವಣೆ ತಂದದ್ದು ಈ ಒಂದು ಸಂಗತಿ.

ಮೊದಲು ಬರೀ ರೆಸಿನ್ನಿನ ತೆಳು ಕೋಟ್. ಅದು ಬೆರಳಿಗೆ ಜಿಗುಟಾಗಿ, ಆದರೆ ಅಂಟದ ಹಾಗಿರುವಾಗ ಗಾಜಿನ ಬಟ್ಟೆ ಹಾಸಿ. ಚದರ ಮೀಟರಿಗೆ 100 ಗ್ರಾಂ ತೂಗುವ ನೇಯ್ದ ಬಟ್ಟೆ ಬೇಕು. ಫೈಬರ್ ಅಂಗಡಿಯ ಒರಟು ಮ್ಯಾಟ್ ಬೇಡ. ಎಡಕ್ಕೊಂದು, ಬಲಕ್ಕೊಂದು ತುಂಡು, ಬೆನ್ನು ಹಲಗೆಯ ಮೇಲೆ ಎರಡೂ 2 ಸೆಂ.ಮೀ. ಒಂದರ ಮೇಲೊಂದು ಬರಬೇಕು. ಮಧ್ಯದಿಂದ ಅಂಚಿಗೆ ರೆಸಿನ್ನನ್ನು ಹಳೆಯ ಎಟಿಎಂ ಕಾರ್ಡಿನಿಂದ ಎಳೆಯುತ್ತಾ ಹೋಗಿ. ಬಿಳಿ ಬಟ್ಟೆ ನೋಡನೋಡುತ್ತಲೇ ಗಾಜಾಗುತ್ತದೆ, ಕೆಳಗಿನ ಮರದ ಎಳೆ ಎಣ್ಣೆ ಹಚ್ಚಿದ ಹಾಗೆ ಎದ್ದು ಕಾಣುತ್ತದೆ. ಎಲ್ಲಾದರೂ ಬೆಳ್ಳಗೆ ಉಳಿದರೆ ರೆಸಿನ್ ಸಾಲದು, ಹೊಳೆಯುವ ಮಡು ನಿಂತರೆ ಜಾಸ್ತಿಯಾಯಿತು. ಬಟ್ಟೆಯ ನೇಯ್ಗೆ ಕೈಗೆ ಸ್ವಲ್ಪ ಒರಟಾಗಿ ಸಿಗುವಷ್ಟಿದ್ದರೆ ಸರಿ. ನೇಯ್ಗೆ ತುಂಬಲು ಮಾರನೇ ದಿನ ಇನ್ನೆರಡು ತೆಳು ಕೋಟ್. ಹೊರಮೈಗೆಲ್ಲ ಸೇರಿ 200 ಗ್ರಾಂ ರೆಸಿನ್ ಸಾಕಾಯಿತು.

ಮಳೆಗಾಲದಲ್ಲಿ ಮಾಡಿದರೆ ಗಟ್ಟಿಯಾದ ರೆಸಿನ್ ಮೇಲೆ ಮೇಣದಂಥ ಜಿಡ್ಡು ಬರುತ್ತದೆ. ಅದನ್ನು ನೀರು ಮತ್ತು ಪಾತ್ರೆ ಉಜ್ಜುವ ಹಸಿರು ನಾರಿನಿಂದ ತೊಳೆದ ಮೇಲೆಯೇ ಉಜ್ಜಬೇಕು. ಇಲ್ಲದಿದ್ದರೆ ಮುಂದಿನ ಕೋಟೂ ಹಿಡಿಯುವುದಿಲ್ಲ, ಬಣ್ಣವೂ ಹಿಡಿಯುವುದಿಲ್ಲ. ಉಜ್ಜುವಾಗ ಮಾಸ್ಕ್ ಕಡ್ಡಾಯ, ಗಾಜಿನ ಪುಡಿ ಶ್ವಾಸಕೋಶಕ್ಕೆ ಹೋಗಬಾರದು.

ಈಗ ಒಡಲನ್ನು ಹಲಗೆಯಿಂದ ಬಿಡಿಸಿ ಒಳಗೆ ಬನ್ನಿ. ಕೂಡಿಟ್ಟ ಮರದ ಪುಡಿಯನ್ನು ರೆಸಿನ್ನಿಗೆ ಕಲಸಿ, ಚಟ್ನಿಯಷ್ಟು ಗಟ್ಟಿ ಮಾಡಿ, ಪಕ್ಕೆಲುಬು ಪಟ್ಟಿಗೆ ಸೇರುವ ಪ್ರತಿ ಮೂಲೆಗೂ ಬೆರಳಲ್ಲಿ ಸವರಿ. ಆಮೇಲೆ ಒಳಮೈಗೆಲ್ಲ ಎರಡು ಕೋಟ್ ರೆಸಿನ್. ಪ್ಲೈವುಡ್ಡಿನ ಕತ್ತರಿಸಿದ ಅಂಚುಗಳಿಗೆ ಮೂರು, ಯಾಕೆಂದರೆ ನೀರು ಹೆಚ್ಚು ಹೀರುವುದು ಅಂಚೇ. ಡೆಕ್ಕನ್ನು ಕೂರಿಸುವ ಮುಂಚೆ ಅದರ ಕೆಳಮೈಗೂ ಬಳಿಯಿರಿ. ಕೂರಿಸಿದ ಮೇಲೆ ಅಲ್ಲಿಗೆ ಬ್ರಷ್ ಹೋಗುವುದಿಲ್ಲ.

ತೂತುಗಳು

ಒಳ್ಳೆಯ ಒಡಲನ್ನು ಹಾಳುಮಾಡುವುದು ಆಮೇಲೆ ಕೊರೆಯುವ ತೂತು. 3 ಮಿ.ಮೀ. ತೂತು ಬೇಕಾದರೆ 6 ಮಿ.ಮೀ. ಕೊರೆಯಿರಿ, ಅದಕ್ಕೆ ರೆಸಿನ್ ಮತ್ತು ಮರದ ಪುಡಿ ತುಂಬಿ ಗಟ್ಟಿಯಾಗಲು ಬಿಡಿ, ಆಮೇಲೆ ಮಧ್ಯೆ 3 ಮಿ.ಮೀ. ಕೊರೆಯಿರಿ. ಈಗ ಸ್ಕ್ರೂ ಕೂರುವುದು ರೆಸಿನ್ನಿನಲ್ಲಿ, ಮರಕ್ಕೆ ನೀರು ತಾಗುವ ದಾರಿಯೇ ಇಲ್ಲ. ಡೆಕ್ಕಿನ ಮೇಲಿನ ಪುಟ್ಟ ಕಂಬಿಯ ತೂತಿಗೂ ಹೀಗೇ ಮಾಡಿ.

ಚುಕ್ಕಾಣಿಯ ಹಿತ್ತಾಳೆ ಕೊಳವೆಯ ಮೇಲ್ತುದಿ ನೀರಿನ ಗೆರೆಗಿಂತ ಕನಿಷ್ಠ 3 ಸೆಂ.ಮೀ. ಮೇಲಿರಬೇಕು. ಡೆಕ್ಕಿನ ಕೆಳಮೈವರೆಗೂ ಹೋದರೆ ಇನ್ನೂ ಒಳ್ಳೆಯದು. ನನ್ನ ಮೊದಲ ಹಡಗಿನಲ್ಲಿ ಸರ್ವೋಗೆ (ಚುಕ್ಕಾಣಿ ತಿರುಗಿಸುವ ಪುಟ್ಟ ಮೋಟಾರು) ಅಡ್ಡ ಬರುತ್ತದೆ ಅಂತ ಇದನ್ನೇ ಗಿಡ್ಡ ಮಾಡಿದ್ದೆ. ರಿವರ್ಸ್ ಹೋದಾಗಲೆಲ್ಲ ನೀರು ಅಲ್ಲಿಂದ ಉಕ್ಕಿದೆ.

ಪ್ರೊಪೆಲರ್ ಶಾಫ್ಟ್ 4 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್, ಹೊರಗೆ 8 ಮಿ.ಮೀ. ಹಿತ್ತಾಳೆ ಕೊಳವೆ, ಎರಡೂ ತುದಿಗೆ ಬುಷ್ (ಶಾಫ್ಟ್ ಕೂತು ತಿರುಗುವ ಬಳೆ). ಬುಷ್ಷನ್ನು ಲೇತ್ ಅಂಗಡಿಯಲ್ಲಿ ಮಾಡಿಸಬಹುದು. ಕೊಳವೆಯ ಒಳತುದಿಯ ಹತ್ತಿರ ಮೇಲಕ್ಕೆ ಒಂದು ಸಣ್ಣ ಕೊಳವೆ ಬೆಸುಗೆ ಹಾಕಿಸಿ. ಅದರಿಂದ ಸಿರಿಂಜಿನಲ್ಲಿ ಗ್ರೀಸ್ ತುಂಬಬೇಕು. ಶಾಫ್ಟಿನ ಸುತ್ತ ನೀರು ತಡೆಯುವುದು ಆ ಗ್ರೀಸೇ. ಕೊಳವೆಯನ್ನು ಅರಾಲ್ಡೈಟಿನಲ್ಲಿ ಕೂರಿಸುವಾಗ ಮೋಟಾರನ್ನೂ ಶಾಫ್ಟನ್ನೂ ಒಂದು ನೇರ ಗಟ್ಟಿ ಕೊಳವೆಯಿಂದ ಜೋಡಿಸಿಟ್ಟು ಕೂರಿಸಿ. ಗಟ್ಟಿಯಾದ ಮೇಲೆ ಅದನ್ನು ತೆಗೆದು ಯೂನಿವರ್ಸಲ್ ಜಾಯಿಂಟ್ (ಬಾಗುತ್ತಲೇ ತಿರುಗುವ ಜೋಡಣೆ) ಹಾಕಿ. ಹೀಗೆ ಮಾಡಿದರೆ ಎರಡೂ ಒಂದೇ ಗೆರೆಯಲ್ಲಿರುತ್ತವೆ, ಸದ್ದು ಬರುವುದಿಲ್ಲ, ಬುಷ್ ಸವೆದು ನೀರು ಬರುವುದೂ ಇಲ್ಲ.

ಡೆಕ್ಕಿನ ದೊಡ್ಡ ಬಾಯಿಗೆ ಸುತ್ತಲೂ 15 ಮಿ.ಮೀ. ಎತ್ತರದ ಕಟ್ಟೆ ಕಟ್ಟಿ. ಮೇಲಿನ ಕೋಣೆ ಡಬ್ಬಿಯ ಮುಚ್ಚಳದ ಹಾಗೆ ಅದರ ಹೊರಗಿನಿಂದ ಕೂರಬೇಕು. ಡೆಕ್ಕಿನ ಅಂಚಿನ ತಡೆಗೋಡೆಯಲ್ಲಿ ನೀರು ಹರಿದುಹೋಗಲು ಕಿಂಡಿ ಬಿಡಿ.

ಮೋಟಾರು, ಬ್ಯಾಟರಿ, ರಿಮೋಟ್

12 ವೋಲ್ಟಿನ, ನಿಧಾನಕ್ಕೆ ತಿರುಗುವ ಬ್ರಷ್ ಮೋಟಾರು, 45 ಮಿ.ಮೀ. ಪ್ರೊಪೆಲರ್. ವೇಗದ ಆಸೆ ಬೇಡ. ನಿಜವಾದ ಟಗ್ ಗಂಟೆಗೆ 22 ಕಿ.ಮೀ. ಹೋದರೆ, ನಮ್ಮದು 40ರ ವರ್ಗಮೂಲದಿಂದ, ಅಂದರೆ 6.3ರಿಂದ ಭಾಗಿಸಿದಷ್ಟು ಹೋಗಬೇಕು. 3.5 ಕಿ.ಮೀ. ದಾವಣಗೆರೆಯ ಕುಂದವಾಡ ಕೆರೆ ಏರಿ ಮೇಲೆ ಮಾತಾಡುತ್ತಾ ನಡೆಯುವವರ ವೇಗ. ಆಗ ಮೂತಿಯ ಮುಂದೆ ಏಳುವ ಅಲೆ ನಿಜವಾದ ಹಡಗಿನ ಹಾಗೇ ಕಾಣುತ್ತದೆ.

ಬ್ಯಾಟರಿಗೆ ಯುಪಿಎಸ್‌ನ 12 ವೋಲ್ಟ್ 7 ಆಂಪಿಯರ್-ಅವರ್ ಸಾಕು. ಎಲ್ಲಾ ಊರಲ್ಲೂ ಸಿಗುತ್ತದೆ, ತೂಕವೂ ನಮಗೆ ಬೇಕಾದ್ದೇ. ಅಡ್ಡ ಮಲಗಿಸಿ ಇಡಿ, ಎತ್ತರ 94ರಿಂದ 65 ಮಿ.ಮೀ.ಗೆ ಇಳಿದು ಭಾರ ಕೆಳಗೆ ಬರುತ್ತದೆ. ಮೊಹರಾದ ಬ್ಯಾಟರಿಯಾದ್ದರಿಂದ ಸೋರುವುದಿಲ್ಲ. ಪಾಸಿಟಿವ್ ವೈರಿಗೆ ಬ್ಯಾಟರಿಯ ಪಕ್ಕದಲ್ಲೇ ಕಾರಿನ 10 ಆಂಪಿಯರ್ ಫ್ಯೂಸ್ ಹಾಕಿ. ಪ್ರೊಪೆಲರಿಗೆ ಜೊಂಡು ಸುತ್ತಿಕೊಂಡ ದಿನ ಅದೇ ಹಡಗನ್ನು ಉಳಿಸುತ್ತದೆ.

ವೇಗದ ಕಂಟ್ರೋಲರ್ ಹಿಂದೆ ಮುಂದೆ ಎರಡೂ ಇರುವ, ಬ್ರಷ್ ಮೋಟಾರಿಗೆ ಆಗುವ ಮಾದರಿ. ರಿಮೋಟ್ 2.4 ಗಿಗಾಹರ್ಟ್ಸ್. ಈ ಅಲೆ ನೀರಿನೊಳಗೆ ಹೋಗುವುದಿಲ್ಲ, ಆದ್ದರಿಂದ ರಿಸೀವರಿನ ಆಂಟೆನಾ ನೀರಿನ ಗೆರೆಗಿಂತ ಸಾಧ್ಯವಾದಷ್ಟು ಮೇಲೆ, ಕೋಣೆಯೊಳಗೆ ನೆಟ್ಟಗೆ ನಿಲ್ಲಲಿ. ಸಿಗ್ನಲ್ ತಪ್ಪಿದರೆ ಮೋಟಾರು ನಿಲ್ಲುವಂತೆ ಫೇಲ್‌ಸೇಫ್ ಹೊಂದಿಸಿ, ರಿಮೋಟ್ ಆಫ್ ಮಾಡಿ ಪರೀಕ್ಷಿಸಿ.

ಮೂತಿ ಮತ್ತು ಹಿಂಭಾಗದ ಖಾಲಿ ಜಾಗದಲ್ಲಿ ಮುಚ್ಚಳ ಬಿಗಿಯಾಗಿರುವ ಖಾಲಿ ನೀರಿನ ಬಾಟಲಿಗಳನ್ನು ತುರುಕಿ ಕಟ್ಟಿ. ಒಟ್ಟು ಎರಡೂವರೆ ಲೀಟರ್ ಇದ್ದರೆ ಹಡಗು ಪೂರ್ತಿ ನೀರು ತುಂಬಿದರೂ ತಳ ಸೇರುವುದಿಲ್ಲ.

ತೊಟ್ಟಿಯಲ್ಲಿ ಪರೀಕ್ಷೆ, ಬಣ್ಣ

ಬಣ್ಣಕ್ಕೆ ಮುಂಚೆ ಒಡಲನ್ನು ತೂಗಿ ಬರೆದಿಟ್ಟು, ನೀರಿನ ತೊಟ್ಟಿಯಲ್ಲಿ ಎರಡು ಗಂಟೆ ತೇಲಿಬಿಡಿ. ತೇಲಿಸುವ ಮುಂಚೆ ಒಳಗೆ ಪಕ್ಕೆಲುಬುಗಳ ನಡುವಿನ ಒಂದೊಂದು ಮನೆಗೂ ಒಣ ನ್ಯೂಸ್‌ಪೇಪರ್ ಪಟ್ಟಿ ಹಾಕಿ. ಎಲ್ಲಿ ಪೇಪರ್ ಕಪ್ಪಾಗುತ್ತದೋ ಆ ಮನೆಯಲ್ಲಿ ತೂತಿದೆ. ಹೊರಗೆ ಒರೆಸಿ ಮತ್ತೆ ತೂಗಿ. ಎರಡು ಮೂರು ಗ್ರಾಂ ವ್ಯತ್ಯಾಸ ಸರಿ. ಇಪ್ಪತ್ತು ಗ್ರಾಂ ಬಂದರೆ ಮರ ಎಲ್ಲೋ ಕುಡಿಯುತ್ತಿದೆ, ಹುಡುಕಿ.

ಆಮೇಲೆ ಬ್ಯಾಟರಿ ಮೋಟಾರು ಇಟ್ಟು ಸೀಸ ಜೋಡಿಸಿ. ಪಂಕ್ಚರ್ ಅಂಗಡಿಯಲ್ಲಿ ಹಳೆಯ ವೀಲ್ ಬ್ಯಾಲೆನ್ಸ್ ತುಂಡುಗಳನ್ನು ಕೇಳಿ ನೋಡಿ. ಸೀಸದ್ದಾದರೆ ಮುಟ್ಟಿದ ಮೇಲೆ ಕೈ ತೊಳೆಯಿರಿ. ಒಡಲಿನ ತೀರಾ ಕೆಳಗೆ ಕೂರಿಸಿ, ಗೆರೆಗೆ ಬಂದ ಮೇಲೆ ಡೆಕ್ಕಿನ ಅಂಚನ್ನು ನೀರಿಗೆ ತಾಗುವಷ್ಟು ಒತ್ತಿ ಬಿಡಿ. ಥಟ್ಟನೆ ಎದ್ದು ನಿಂತರೆ ಭಾರ ಸರಿಯಾದ ಜಾಗದಲ್ಲಿದೆ. ಸೋಮಾರಿಯಾಗಿ ಎದ್ದರೆ ಭಾರ ಇನ್ನೂ ಕೆಳಗಾಗಬೇಕು.

ಬಣ್ಣದ ಬಗ್ಗೆ ಎರಡೇ ಮಾತು. ಕಾರಿನ ಪುಟ್ಟಿ ಬಳಸಿದರೆ ಅದರ ಮೇಲೆ ರೆಸಿನ್ ಅಥವಾ ಹಾರ್ಡನರ್ ಬೆರೆಸುವ ಪ್ರೈಮರ್ ಬಳಿಯಲೇಬೇಕು, ಬರೀ ಪುಟ್ಟಿ ನೀರು ಹೀರುತ್ತದೆ. 400, 600ರ ವಾಟರ್ ಪೇಪರ್ ಹಾಕಿ ಕಾರಿನ ಪಿಯು (ಪಾಲಿಯುರೆಥೇನ್) ಬಣ್ಣ ಹೊಡೆಸಿ. ಡೆಕ್ಕಿಗೆ ತಿಳಿ ಬಣ್ಣ ಇರಲಿ. ನಮ್ಮ ಬಿಸಿಲಲ್ಲಿ ಕಪ್ಪು ಡೆಕ್ ಕಾದು ಕೆಳಗಿನ ಎಪಾಕ್ಸಿ ಮೆತ್ತಗಾಗುತ್ತದೆ. ಮುಚ್ಚಿದ ಕಾರಿನಲ್ಲಿ ಹಡಗನ್ನು ಬಿಡುವುದೂ ಬೇಡ.

ನೀರಿಗೆ

ಕುಂದವಾಡ ಕೆರೆ ಊರಿಗೆ ಕುಡಿಯುವ ನೀರು. ಅಲ್ಲಿ ಗ್ರೀಸ್ ಬಿಡುವ ಹಡಗು ಬೇಡ. ಭದ್ರಾ ನಾಲೆಯಲ್ಲಿ ಸೆಳೆತ ಇರುತ್ತದೆ, ಅದೂ ಬೇಡ. ಸೂಳೆಕೆರೆ ಚೆಂದ, ಆದರೆ ಆಷಾಢದ ಗಾಳಿಗೆ ಅಲ್ಲಿ 4 ಸೆಂ.ಮೀ. ಅಲೆ ಎದ್ದರೆ ನಮ್ಮ ಹಡಗಿನ ಪಾಲಿಗೆ ಅದು 1.6 ಮೀಟರ್ ಅಲೆ. ಗಾಳಿ ಇಲ್ಲದ ಬೆಳಿಗ್ಗೆ ಹೋಗಿ.

ನನಗೆ ಇಷ್ಟ ಕೃಷಿ ಹೊಂಡ. ನೀರು ನಿಶ್ಚಲ, ಜೊಂಡಿಲ್ಲ. ಆದರೆ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ಇಳಿಜಾರು ಒದ್ದೆಯಾದರೆ ದೊಡ್ಡವರಿಗೂ ಹತ್ತಲಾಗುವುದಿಲ್ಲ, ಈಜು ಬಂದರೂ ಆಗುವುದಿಲ್ಲ. ಆ ಹೊಂಡಗಳಲ್ಲಿ ಮಕ್ಕಳು ಹೋದ ಸುದ್ದಿ ಪೇಪರಿನಲ್ಲಿ ಓದಿಯೇ ಇರುತ್ತೀರಿ. ದಡದ ಗೂಟಕ್ಕೆ ಗಂಟು ಹಾಕಿದ ಹಗ್ಗ ನೀರಿಗೆ ಇಳಿಬಿಟ್ಟಿರಲಿ, ಒಬ್ಬರೇ ಹೋಗಬೇಡಿ, ಮಕ್ಕಳು ಬೇಲಿಯ ಹೊರಗಿರಲಿ. ಹಡಗು ನಡುನೀರಲ್ಲಿ ನಿಂತರೂ ಇಳಿಯಬೇಡಿ. ಟೆನಿಸ್ ಚೆಂಡಿಗೆ ಮೀನಿನ ಗಾಳದ ದಾರ ಕಟ್ಟಿ ಹಡಗಿನ ಆಚೆಗೆ ಎಸೆದು, ದಾರವನ್ನು ಅದಕ್ಕೆ ಸಿಕ್ಕಿಸಿ ಎಳೆಯಿರಿ. ಮೊದಲೇ ಅಂಗಳದಲ್ಲಿ ಅಭ್ಯಾಸ ಮಾಡಿಕೊಳ್ಳಿ.

ಮನೆಗೆ ಬಂದ ಮೇಲೆ ಮುಚ್ಚಳ ತೆಗೆದು ರಾತ್ರಿಯೆಲ್ಲ ಫ್ಯಾನ್ ಕೆಳಗಿಡಿ. ಮೂರು ನಾಲ್ಕು ಸಲ ಓಡಿಸಿದ ಮೇಲೆ ಗ್ರೀಸ್ ತುಂಬಿ, ಹೊರತುದಿಯಲ್ಲಿ ಹೊಸ ಗ್ರೀಸ್ ಕಾಣುವವರೆಗೆ ಒತ್ತಿ. ಪ್ರತಿ ಸಲ ಹೋಗುವ ಮುಂಚೆ, ಬಂದ ಮೇಲೆ ತೂಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಮ್ಮ ಮನೆಯಲ್ಲಿ ಬರೆಯುವುದು ಅಕ್ಕನ ಮಗ. ಕಳೆದ ಭಾನುವಾರದ ಸಾಲು ಹೀಗಿದೆ: ಹೋಗುವಾಗ 5,410. ಬಂದ ಮೇಲೆ 5,418. ಡೆಕ್ ಒರೆಸಿದ ಮೇಲೆ 5,411. ಪೇಪರ್ ಒಣಗಿದೆ.